ಕರ್ಮವೀರ ಭಾವುರಾವ ಪಾಟೀಲರು: ದುಡಿದು ಕಲಿಯುವ ದಾರಿ ತೋರಿದ ಮಹನೀಯರು

ಕರ್ಮಭೂಮಿಯ ಆರಂಭದಲ್ಲಿ ಭಗವಾನ್ ಆದಿನಾಥ ಸ್ವಾಮಿಗಳು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದರೆಂದು ಪುರಾಣಗಳು ಸಾರುತ್ತವೆ. ಅದೇ ಸ್ವಾಮಿಗಳು ತಮ್ಮ ಪುತ್ರಿಯರಾದ ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕವನ್ನೂ ಕಲಿಸಿದರು. ಕೈಯ ಕಸುಬು ಮತ್ತು ಅಕ್ಷರ ಇವೆರಡೂ ಒಬ್ಬರೇ ಗುರುವಿನಿಂದ ಲೋಕಕ್ಕೆ ಬಂದವು. ಕಾಲ ಕಳೆದಂತೆ ಇವೆರಡೂ ಬೇರೆಯಾದವು. ಅಕ್ಷರ ಬಲ್ಲವನು ಕೈಕೆಲಸವನ್ನು ಕೀಳೆಂದು ಬಗೆದನು. ಕೈಕೆಲಸ ಮಾಡುವವನ ಮಗನಿಗೆ ಅಕ್ಷರದ ಬಾಗಿಲು ಮುಚ್ಚಿತು. ಬೇರೆಯಾದ ಇವೆರಡನ್ನು ಮತ್ತೆ ಒಂದುಗೂಡಿಸಿ, ಬಡವರ ಮಕ್ಕಳು ನಡುದಾರಿಯಲ್ಲಿ ಶಾಲೆ ಬಿಡದಂತೆ ಕಾಪಾಡಿದ ಮಹಾಪುರುಷರೊಬ್ಬರು ಹತ್ತೊಂಬತ್ತನೆಯ ಶತಮಾನದಲ್ಲಿ ಜೈನ ಸಮಾಜದಲ್ಲಿಯೇ ಜನಿಸಿದರು. ಅವರೇ ಕರ್ಮವೀರ ಭಾವುರಾವ ಪಾಟೀಲರು.

ಜನನ ಮತ್ತು ಬಾಲ್ಯ

ಭಾವುರಾವ ಪಾಟೀಲರು 1887ರ ಸೆಪ್ಟೆಂಬರ್ 22ರಂದು ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ ಜನಿಸಿದರು. ಬಾಹುಬಲಿ ಬೆಟ್ಟದ ದರ್ಶನಕ್ಕೆ ಹೋಗುವ ಯಾತ್ರಿಕರಿಗೆಲ್ಲ ಈ ಊರು ಪರಿಚಿತವಾದುದು. ತಂದೆ ಪಾಯಗೊಂಡ ಪಾಟೀಲರು, ತಾಯಿ ಗಂಗಾಬಾಯಿಯವರು. ಈ ಮನೆತನದ ಹಿರಿಯರು ಮೂಲತಃ ಕರ್ನಾಟಕದ ಮೂಡುಬಿದಿರೆಯ ಕಡೆಯಿಂದ ಬಂದವರು. ಪಾಯಗೊಂಡ ಎಂಬ ಹೆಸರಿನಲ್ಲಿಯೇ ಕನ್ನಡದ ಜಾಡು ಕಾಣುತ್ತದೆ. ಸಾಂಗಲಿ ಜಿಲ್ಲೆಯ ಐತವಡೆ ಬುದ್ರುಕದಲ್ಲಿ ಈ ಕುಟುಂಬದ ಒಕ್ಕಲುತನವಿತ್ತು. ಭಾಷೆ ಎರಡಾದರೂ ಧರ್ಮ ಒಂದೇ ಆಗಿದ್ದ, ಹೊಲ ಮನೆಗಳ ನಡುವೆಯೇ ಬಾಳಿದ ದಕ್ಷಿಣದ ಜೈನ ರೈತ ಮನೆತನವದು.

ತಂದೆಯವರು ಕಂದಾಯ ಇಲಾಖೆಯಲ್ಲಿ ಕಾರಕೂನರಾಗಿದ್ದುದರಿಂದ ಬಾಲಕ ಭಾವುರಾವರ ಓದು ಹಲವು ಊರುಗಳಲ್ಲಿ ನಡೆಯಿತು. ಓದಿಗಿಂತ ಈಜು, ಕುಸ್ತಿ ಮುಂತಾದವುಗಳಲ್ಲಿ ಅವರಿಗೆ ಒಲವು ಹೆಚ್ಚು. ಅನ್ಯಾಯ ಕಂಡರೆ ಸಹಿಸದ ಸ್ವಭಾವವು ಎಳೆಯ ವಯಸ್ಸಿನಲ್ಲಿಯೇ ಅವರಲ್ಲಿ ನೆಲೆಗೊಂಡಿತ್ತು.

ಬೋರ್ಡಿಂಗಿನಿಂದ ಹೊರಬಿದ್ದ ವಿದ್ಯಾರ್ಥಿ

1902ರಲ್ಲಿ ಅವರು ಕೊಲ್ಹಾಪುರದ ರಾಜಾರಾಮ ಹೈಸ್ಕೂಲನ್ನು ಸೇರಿದರು. ಆ ಕಾಲದ ಕೊಲ್ಹಾಪುರವು ರಾಜರ್ಷಿ ಶಾಹೂ ಮಹಾರಾಜರ ಆಳ್ವಿಕೆಯಲ್ಲಿ ಹೊಸ ಬೆಳಕನ್ನು ಕಾಣುತ್ತಿತ್ತು. ಹಿಂದುಳಿದ ವರ್ಗಗಳಿಗೆ ನೌಕರಿಯಲ್ಲಿ ಅರ್ಧ ಸ್ಥಾನಗಳನ್ನು ಮೀಸಲಿರಿಸುವ ಆಜ್ಞೆಯನ್ನು ಮಹಾರಾಜರು ಅದೇ 1902ರಲ್ಲಿ ಹೊರಡಿಸಿದ್ದರು. ಹಳ್ಳಿಗಳಿಂದ ಬರುವ ಮಕ್ಕಳಿಗಾಗಿ ಮರಾಠ, ಜೈನ, ಲಿಂಗಾಯತ, ಮುಸ್ಲಿಂ ಹೀಗೆ ಒಂದೊಂದು ಸಮಾಜಕ್ಕೆ ಒಂದೊಂದು ವಸತಿಗೃಹ ನಿಲ್ಲುವಂತೆ ಪ್ರೋತ್ಸಾಹಿಸಿದರು. ಭಾವುರಾವರು ಜೈನ ಬೋರ್ಡಿಂಗಿನಲ್ಲಿದ್ದು ಓದತೊಡಗಿದರು. ಬೋರ್ಡಿಂಗಿನ ಆಡಳಿತವು ವಿದ್ವಾಂಸರೂ ಸಮಾಜದ ಮುಂದಾಳುಗಳೂ ಆದ ಅಣ್ಣಾಸಾಹೇಬ ಲಠ್ಠೆಯವರ ಕೈಯಲ್ಲಿತ್ತು.

1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹವು ಕೊಲ್ಹಾಪುರದಲ್ಲಿ ಆರಂಭವಾಯಿತು. ಆ ಸಮಾರಂಭಕ್ಕೆ ಹೋಗಿ ಬಂದ ಭಾವುರಾವರು ಸ್ನಾನ ಮಾಡಿ ಶುದ್ಧರಾದ ಮೇಲೆಯೇ ಊಟದ ಪಂಕ್ತಿಗೆ ಬರಬೇಕೆಂದು ಬೋರ್ಡಿಂಗಿನವರು ವಿಧಿಸಿದರು. ಮನುಷ್ಯರ ನಡುವೆ ಕುಳಿತು ಬಂದುದರಿಂದ ತಮಗೆ ಮೈಲಿಗೆ ತಗುಲಿಲ್ಲವೆಂಬುದು ಭಾವುರಾವರ ನಿಲುವಾಗಿತ್ತು. ಅವರು ಸ್ನಾನ ಮಾಡಲು ಒಪ್ಪಲಿಲ್ಲ, ಬೋರ್ಡಿಂಗು ಅವರನ್ನು ಹೊರಹಾಕಿತು. ಜೀವಮಾತ್ರವನ್ನು ಸಮಾನವಾಗಿ ಕಾಣಬೇಕೆಂಬ ಧರ್ಮದ ಮನೆಯಲ್ಲಿಯೇ ಹೀಗಾಯಿತೆಂಬುದನ್ನು ಮರೆಮಾಚುವಂತಿಲ್ಲ. ಶಾಹೂ ಮಹಾರಾಜರು ಆ ಹುಡುಗನಿಗೆ ಅರಮನೆಯಲ್ಲಿ ಆಶ್ರಯ ಕೊಟ್ಟರು.

ಅದೇ ಕಾಲದಲ್ಲಿ ಇಸ್ಲಾಮಪುರದ ಶಾಲೆಯೊಂದರಲ್ಲಿ ಅಸ್ಪೃಶ್ಯ ಬಾಲಕನೊಬ್ಬನು ತರಗತಿಯ ಹೊರಗೆ ಕುಳಿತು ಪಾಠ ಕೇಳುತ್ತಿದ್ದುದನ್ನು ಅವರು ಕಂಡರು. ಆ ಹುಡುಗನನ್ನು ಕೈಹಿಡಿದು ಕರೆತಂದು ಕೊಲ್ಹಾಪುರದ ವಸತಿಗೃಹಕ್ಕೆ ಸೇರಿಸಿದರು. ಆ ಬಾಲಕನೇ ಮುಂದೆ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾದ ಜ್ಞಾನದೇವ ಘೋಲಪರು.

ಭಾವುರಾವರ ಸ್ವಂತ ಓದು ಮಾತ್ರ ಇಂಗ್ಲಿಷ್ ಆರನೆಯ ಇಯತ್ತೆಯ ಆಚೆ ಸಾಗಲಿಲ್ಲ. ಮೆಟ್ರಿಕ್ ಕೂಡ ಮುಗಿಸದ ಇವರು ಮುಂದೆ ಸಾವಿರಾರು ಪದವೀಧರರನ್ನು ರೂಪಿಸಿದರು. ಶಾಲೆ ಅರ್ಧಕ್ಕೆ ನಿಂತವನ ಮನಸ್ಸಿನ ನೋವನ್ನು ಅವರು ಪುಸ್ತಕದಿಂದ ತಿಳಿದವರಲ್ಲ.

ಸುಳ್ಳು ಸಾಕ್ಷಿಗೆ ಒಪ್ಪದ ಸತ್ಯವ್ರತ

1909ರಲ್ಲಿ ಕುಂಭೋಜದ ಶ್ರೀಮಂತ ಪಾಟೀಲ ಮನೆತನದ ಕನ್ಯೆಯೊಡನೆ ಅವರ ವಿವಾಹವಾಯಿತು. ಆಕೆಯೇ ಮುಂದೆ ಲಕ್ಷ್ಮೀಬಾಯಿ ಎಂದು ಪೂಜ್ಯರಾದವರು. ಕೆಲಕಾಲ ಭಾವುರಾವರು ಸಾತಾರೆಯಲ್ಲಿ ಮನೆಪಾಠ ಹೇಳಿ ಜೀವನ ಸಾಗಿಸಿದರು. ಅಲ್ಲಿಯ ಜನ ಅವರನ್ನು ಪಾಟೀಲ ಮಾಸ್ತರರೆಂದು ಕರೆಯುತ್ತಿದ್ದರು.

1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಆ ಪ್ರಕರಣದಲ್ಲಿ ಲಠ್ಠೆಯವರ ವಿರುದ್ಧ ಸುಳ್ಳು ಸಾಕ್ಷಿ ನುಡಿಯುವಂತೆ ಭಾವುರಾವರ ಮೇಲೆ ಬಲವಾದ ಒತ್ತಡ ಬಂದಿತು. ತಮ್ಮನ್ನು ಬೋರ್ಡಿಂಗಿನಿಂದ ಹೊರಹಾಕಿದ್ದವರ ಮೇಲೆ ಸೇಡು ತೀರಿಸಿಕೊಳ್ಳಲು ಬೇರೆಯವನಾಗಿದ್ದರೆ ಅದನ್ನೇ ಸುಸಂಧಿಯೆಂದು ಬಗೆಯುತ್ತಿದ್ದನು. ಭಾವುರಾವರು ಒಪ್ಪಲಿಲ್ಲ. ಅದಕ್ಕಾಗಿ ಸೆರೆವಾಸವನ್ನೂ ಹಿಂಸೆಯನ್ನೂ ಅನುಭವಿಸಿದರು. ನೊಂದು ಪ್ರಾಣವನ್ನೇ ನೀಗಿಕೊಳ್ಳಲು ಮುಂದಾಗುವಷ್ಟು ಕಷ್ಟ ಅವರಿಗೆ ಬಂದಿತ್ತು. ಆದರೂ ಅಸತ್ಯವನ್ನು ನುಡಿಯಲಿಲ್ಲ. ಸತ್ಯಾಣುವ್ರತ ಮತ್ತು ಕ್ಷಮೆ ಎರಡೂ ಒಂದೇ ನಡೆಯಲ್ಲಿ ಕಾಣುವ ಇಂಥ ಪ್ರಸಂಗಗಳು ವಿರಳ.

ನೇಗಿಲು ಮಾರಿದವರು ಕಂಡ ಹಳ್ಳಿ

ಸೆರೆಯಿಂದ ಹೊರಬಂದ ಬಳಿಕ ಅವರು ಓಗಲೆ ಗಾಜಿನ ಕಾರ್ಖಾನೆಯ ಮಾಲನ್ನೂ ಅನಂತರ ಕಿರ್ಲೋಸ್ಕರರ ಕಬ್ಬಿಣದ ನೇಗಿಲುಗಳನ್ನೂ ಮಾರುವ ಪ್ರತಿನಿಧಿಯಾಗಿ ದುಡಿದರು. ಬೆಳಗಾವಿಯಲ್ಲಿ ಉದ್ಯಮ ಆರಂಭಿಸಿದ್ದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ನೆಲೆಯೂರಿದ್ದರು. ಕಬ್ಬಿಣ ತಗುಲಿದರೆ ಮಣ್ಣು ಕೆಡುತ್ತದೆಂದು ಅನೇಕ ರೈತರು ಅಂಜುತ್ತಿದ್ದ ಕಾಲವದು. ಮಾತಿನಿಂದ ಮಾರಾಟವಾಗುತ್ತಿರಲಿಲ್ಲ, ಹೊಲದಲ್ಲಿ ಉತ್ತು ತೋರಿಸಬೇಕಿತ್ತು. ಸಾತಾರೆಯಲ್ಲಿ ನೇಗಿಲಿನ ಕಾರ್ಖಾನೆಯೊಂದನ್ನು ನಿಲ್ಲಿಸುವುದರಲ್ಲಿಯೂ ಅವರು ಕೈಜೋಡಿಸಿದರು.

ಈ ತಿರುಗಾಟವೇ ಅವರಿಗೆ ದೊಡ್ಡ ವಿಶ್ವವಿದ್ಯಾಲಯವಾಯಿತು. ಹಳ್ಳಿಯ ಮಗು ಶಾಲೆಯನ್ನು ಬಿಡುವುದು ಬುದ್ಧಿಯಿಲ್ಲದ್ದರಿಂದ ಅಲ್ಲವೆಂಬುದು ಅವರಿಗೆ ಕಣ್ಣಾರೆ ತಿಳಿಯಿತು. ಬಿತ್ತನೆಯ ಹಂಗಾಮಿನಲ್ಲಿ ಮನೆಗೆ ಮಗುವಿನ ಕೈ ಬೇಕು. ದನ ಕಾಯಬೇಕು, ತಮ್ಮ ತಂಗಿಯರನ್ನು ಎತ್ತಿಕೊಳ್ಳಬೇಕು. ಮೇಲಿನ ಶಾಲೆ ದೂರದ ಪೇಟೆಯಲ್ಲಿದೆ, ಅಲ್ಲಿ ಉಳಿಯಲು ಜಾಗವಿಲ್ಲ. ಜಾಗ ದೊರೆತರೆ ಊಟಕ್ಕಿಲ್ಲ, ಊಟ ದೊರೆತರೆ ಫೀಗೆ ಹಣವಿಲ್ಲ. ಕೆಳಜಾತಿಯವನಾದರೆ ಇವೆಲ್ಲದರ ಮೇಲೆ ಅವಮಾನ ಬೇರೆ. ಇವುಗಳಲ್ಲಿ ಒಂದನ್ನು ಮಾತ್ರ ನೀಗಿಸಿದರೆ ಮಗು ಉಳಿಯುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ನೀಗಿಸಬೇಕು.

ರಯತ ಶಿಕ್ಷಣ ಸಂಸ್ಥೆಯ ಉದಯ

1910ರಲ್ಲಿಯೇ ಅವರು ಗೆಳೆಯರೊಡನೆ ದುಧಗಾವದಲ್ಲಿ ಎಲ್ಲ ಜಾತಿಯ ಮಕ್ಕಳಿಗಾಗಿ ವಿದ್ಯಾರ್ಥಿ ಆಶ್ರಮವನ್ನು ಆರಂಭಿಸಿದ್ದರು. ಮಹಾತ್ಮಾ ಜ್ಯೋತಿಬಾ ಫುಲೆಯವರ ಸತ್ಯಶೋಧಕ ವಿಚಾರಗಳು ಅವರನ್ನು ಗಾಢವಾಗಿ ಸೆಳೆದಿದ್ದವು. 1919ರ ಅಕ್ಟೋಬರ್ 4ರಂದು, ವಿಜಯದಶಮಿಯ ಶುಭದಿನದಲ್ಲಿ, ಕರಾಡ ತಾಲೂಕಿನ ಕಾಲೆ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಮರಾಠಿಯಲ್ಲಿ ರಯತ ಎಂದರೆ ಪ್ರಜೆ, ಸಾಮಾನ್ಯ ಜನ. ಕನ್ನಡದ ರೈತ ಎಂಬ ಶಬ್ದವೂ ಅದೇ ಮೂಲದ್ದು. ಆಲದ ಮರವು ಸಂಸ್ಥೆಯ ಲಾಂಛನವಾಯಿತು.

1924ರಲ್ಲಿ ಸಂಸ್ಥೆಯ ಕೇಂದ್ರವನ್ನು ಸಾತಾರೆಗೆ ತಂದು ಅಲ್ಲಿ ಬೋರ್ಡಿಂಗನ್ನು ತೆರೆದರು. ಕೊಲ್ಹಾಪುರದಲ್ಲಿ ಜಾತಿಗೊಂದು ವಸತಿಗೃಹವಿದ್ದರೆ ಇಲ್ಲಿ ಎಲ್ಲ ಜಾತಿಗೂ ಒಂದೇ ವಸತಿಗೃಹ. ಮಹಾರ, ಮಾಂಗ, ಮರಾಠ, ಮುಸ್ಲಿಂ, ಜೈನ ಮಕ್ಕಳು ಒಂದೇ ಒಲೆಯಲ್ಲಿ ಅಡುಗೆ ಮಾಡಿ, ಒಂದೇ ಪಂಕ್ತಿಯಲ್ಲಿ ಉಂಡರು. ಊಟದ ಪಂಕ್ತಿಯಿಂದ ಹೊರಬಿದ್ದ ಹುಡುಗನೇ ಬೆಳೆದು ಯಾರನ್ನೂ ಹೊರಗಿಡದ ಪಂಕ್ತಿಯನ್ನು ಹಾಕಿದನು. 1927ರ ಫೆಬ್ರವರಿ 25ರಂದು ಸಾತಾರೆಗೆ ಬಂದ ಮಹಾತ್ಮಾ ಗಾಂಧಿಯವರು ಈ ಬೋರ್ಡಿಂಗಿಗೆ ಛತ್ರಪತಿ ಶಾಹೂ ಮಹಾರಾಜರ ಹೆಸರನ್ನಿಟ್ಟು ಹರಸಿದರು. ಮುಂದೆ ಹರಿಜನ ಸೇವಾ ನಿಧಿಯಿಂದ ವರ್ಷಕ್ಕೆ 500 ರೂಪಾಯಿಗಳ ನೆರವನ್ನೂ ದೊರಕಿಸಿಕೊಟ್ಟರು. 1932ರ ಪುಣೆ ಒಪ್ಪಂದದ ನೆನಪಿಗಾಗಿ ಪುಣೆಯಲ್ಲಿ ಯೂನಿಯನ್ ಬೋರ್ಡಿಂಗ್ ಆರಂಭವಾಯಿತು.

ಬೋರ್ಡಿಂಗಿನ ಹೊಟ್ಟೆ ತುಂಬಿಸಲು ಭಾವುರಾವರು ಮುಷ್ಟಿಧಾನ್ಯದ ಪದ್ಧತಿಯನ್ನು ತಂದರು. ಮನೆಮನೆಯ ಗೃಹಿಣಿಯರು ತೆಗೆದಿಟ್ಟ ಹಿಡಿ ಹಿಡಿ ಕಾಳು ಒಟ್ಟುಗೂಡಿ ಮಕ್ಕಳ ರೊಟ್ಟಿಯಾಗುತ್ತಿತ್ತು. ದೊಡ್ಡ ದಾನಿಗಳ ಚೀಟಿಗಿಂತ ಬಡವರ ಮನೆಯ ಹಿಡಿ ಜೋಳವು ಸಂಸ್ಥೆಯನ್ನು ಜನರ ಸ್ವಂತದ್ದನ್ನಾಗಿ ಮಾಡಿತು.

ಮಾತೆ ಲಕ್ಷ್ಮೀಬಾಯಿಯವರ ತ್ಯಾಗ

ಲಕ್ಷ್ಮೀಬಾಯಿಯವರು ಮಡಿ ಮೈಲಿಗೆಯ ಕಟ್ಟುನಿಟ್ಟಿನ ಮನೆಯಲ್ಲಿ ಬೆಳೆದವರು. ಎಲ್ಲ ಜಾತಿಯ ಮಕ್ಕಳು ಮನೆಯೊಳಗೆ ಓಡಾಡುವುದು ಮೊದಮೊದಲು ಅವರಿಗೆ ಸುಲಭವಾಗಿರಲಿಲ್ಲ. ಕ್ರಮೇಣ ಅದೇ ಮಕ್ಕಳಿಗೆ ಅವರು ತಾಯಿಯಾದರು, ಕಾಯಿಲೆ ಬಿದ್ದವರ ಶುಶ್ರೂಷೆ ಮಾಡಿದರು. ತವರಿನಿಂದ ತಂದ ಬಂಗಾರವು ಒಂದೊಂದಾಗಿ ಮಕ್ಕಳ ಊಟಕ್ಕೆ ಕರಗಿತು. ಒಮ್ಮೆ ಭಾವುರಾವರು ನಿಧಿ ಸಂಗ್ರಹಕ್ಕಾಗಿ ಪರಊರಿಗೆ ಹೋಗಿದ್ದಾಗ ಬೋರ್ಡಿಂಗಿನಲ್ಲಿ ಧಾನ್ಯ ತೀರಿತು. ಕೊರಳಲ್ಲಿ ಉಳಿದಿದ್ದುದು ಮಂಗಳಸೂತ್ರವೊಂದೇ. ಅದನ್ನೂ ಬಿಚ್ಚಿಕೊಟ್ಟು ಮಕ್ಕಳಿಗೆ ಉಣಬಡಿಸಿದರು. 1930ರಲ್ಲಿ ಆ ಸಾಧ್ವಿ ಕಾಲವಶರಾದರು. ಅವರ ಹೆಸರಿನ ಸಹಕಾರಿ ಪತಪೇಢಿಯೊಂದನ್ನು ಸಂಸ್ಥೆಯ ಶಿಕ್ಷಕರು ಕಟ್ಟಿದರು. ಉನ್ನತ ಶಿಕ್ಷಣಕ್ಕೆ ಹೋಗುವ ಬಡ ವಿದ್ಯಾರ್ಥಿಗಳಿಗೆ ಅಲ್ಲಿಂದ ಸಾಲ ದೊರೆಯುತ್ತಿತ್ತು. ಶಿಕ್ಷಕರ ಉಳಿತಾಯವು ವಿದ್ಯಾರ್ಥಿಗಳ ಬಂಡವಾಳವಾಯಿತು.

ದುಡಿಮೆಯೇ ಫೀ, ಬೆವರೇ ಶುಲ್ಕ

ಮುಷ್ಟಿಧಾನ್ಯ ಎಷ್ಟೇ ಬಂದರೂ ಅದು ದಾನ. ದಾನದಲ್ಲಿಯೇ ಬೆಳೆದ ಮಗುವಿನ ತಲೆ ಬಾಗಿಯೇ ಇರುತ್ತದೆಂಬುದನ್ನು ಭಾವುರಾವರು ಅರಿತಿದ್ದರು. ಅದಕ್ಕಾಗಿಯೇ ಅವರು ಸ್ವಾವಲಂಬನೆಯನ್ನು ಸಂಸ್ಥೆಯ ಮೂಲಮಂತ್ರವಾಗಿಸಿದರು. ಗಳಿಸು ಮತ್ತು ಕಲಿ ಎಂಬ ಈ ಯೋಜನೆಯನ್ನು ಮರಾಠಿಯಲ್ಲಿ ಕಮವಾ ವ ಶಿಕಾ ಎನ್ನುತ್ತಾರೆ.

ಇದರ ವಿಧಾನ ಸರಳವಾದುದು. ಯಾರೂ ಉಳದ ಪಡ ಜಮೀನನ್ನು ಸರಕಾರದಿಂದಲೋ ಭೂಮಾಲೀಕರಿಂದಲೋ ಪಡೆಯುವುದು. ವಿದ್ಯಾರ್ಥಿಗಳು ದಿನದ ಕೆಲವು ಗಂಟೆ ಅಲ್ಲಿ ದುಡಿಯುವುದು, ಉಳಿದ ಹೊತ್ತು ಓದುವುದು. ಕಲ್ಲು ಆಯ್ದು ನೆಲ ಹಸನು ಮಾಡುವುದು, ಬೆಳೆ ತೆಗೆಯುವುದು, ತೋಟ ಮಾಡುವುದು, ಕಲ್ಲು ಒಡೆದು ಶಾಲೆಯ ಗೋಡೆಯನ್ನು ತಾವೇ ಎಬ್ಬಿಸುವುದು. ಆ ದುಡಿಮೆಯ ಬೆಲೆಯನ್ನು ಲೆಕ್ಕ ಹಾಕಿ ಊಟ, ವಸತಿ, ಫೀಗಳಿಗೆ ಜಮಾ ಮಾಡುವುದು. ಇದರಿಂದ ವಿದ್ಯಾರ್ಥಿಯು ಭಿಕ್ಷುಕನಾಗದೆ ತನ್ನ ಓದಿಗೆ ತಾನೇ ಯಜಮಾನನಾದನು. ಬಡವರ ಮಗನೂ ಅನುಕೂಲಸ್ಥರ ಮಗನೂ ಒಂದೇ ಗುದ್ದಲಿ ಹಿಡಿದಾಗ ಯಾರ ಕೆಲಸವೂ ಕೀಳಾಗಿ ಉಳಿಯಲಿಲ್ಲ.

ಮಗುವಿನ ಕೈಯನ್ನು ಕೆಲಸದಿಂದ ಬಿಡಿಸಿ ಶಾಲೆಗೆ ತರುವುದು ಬಡ ಮನೆಗೆ ಭಾರವಾಗಿತ್ತು. ಭಾವುರಾವರು ಕೆಲಸವನ್ನೇ ಶಾಲೆಯೊಳಗೆ ತಂದರು. ಹಸಿವೆಗಾಗಲಿ ಫೀಗಾಗಲಿ ಹೆದರಿ ಶಾಲೆ ಬಿಡುವ ಕಾರಣವೇ ಉಳಿಯಲಿಲ್ಲ. ಜೊತೆಗೆ ಒಕ್ಕಲುತನ, ಕಟ್ಟಡ ಕೆಲಸ, ಅಡುಗೆ, ಲೆಕ್ಕಪತ್ರ ಇವುಗಳಲ್ಲಿ ಕೈ ಪಳಗಿತು. ಪರೀಕ್ಷೆಯಲ್ಲಿ ಸೋತವನೂ ಬರಿಗೈಯಲ್ಲಿ ಮನೆಗೆ ಮರಳಲಿಲ್ಲ.

1940ರಲ್ಲಿ ಸಾತಾರೆಯಲ್ಲಿ ಮಹಾರಾಜಾ ಸಯಾಜಿರಾವ ಹೈಸ್ಕೂಲು ಇದೇ ತತ್ತ್ವದ ಮೇಲೆ, ಉಚಿತ ವಸತಿಶಾಲೆಯಾಗಿ ತೆರೆಯಿತು. 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾಯಿತು. ಕಾಲೇಜಿನ ಹುಡುಗರು ಹೊಲದಲ್ಲಿ ಬೆವರು ಸುರಿಸಿ ಪದವಿ ಪಡೆದುದು ಅಂದಿನ ಕಾಲಕ್ಕೆ ಅಚ್ಚರಿಯ ಸಂಗತಿ. ಶಾಹೂ ಬೋರ್ಡಿಂಗಿನಲ್ಲಿ ಬೆಳೆದ ಪಿ. ಜಿ. ಪಾಟೀಲರು ಬ್ಯಾರಿಸ್ಟರರಾಗಿ, ಮುಂದೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕುಲಪತಿಗಳಾದರು.

ಶಿಕ್ಷಕರನ್ನು ಸಿದ್ಧಪಡಿಸಿದ ದೂರದೃಷ್ಟಿ

ಶಾಲೆ ತೆರೆದರೆ ಸಾಲದು, ಹಳ್ಳಿಯಲ್ಲಿ ನೆಲೆನಿಂತು ಕಲಿಸುವ ಶಿಕ್ಷಕ ಬೇಕು. ಪೇಟೆಯಿಂದ ಬಂದವನು ವರ್ಗಾವಣೆಯ ದಾರಿ ಕಾಯುತ್ತಾನೆ. ಆದುದರಿಂದ 1935ರಲ್ಲಿ ಸಾತಾರೆಯಲ್ಲಿ ಗ್ರಾಮೀಣ ಶಿಕ್ಷಕರ ತರಬೇತಿ ಕಾಲೇಜನ್ನು ಆರಂಭಿಸಿದರು. ಹಳ್ಳಿಯ ಹುಡುಗರೇ ತರಬೇತಿ ಪಡೆದು ಶಾಲೆಯಿಲ್ಲದ ಹಳ್ಳಿಗಳಿಗೆ ಹೋದರು. ಹೀಗೆ ಸ್ವಯಂಪ್ರೇರಿತ ಪ್ರಾಥಮಿಕ ಶಾಲೆಗಳ ಸಂಖ್ಯೆ 578ಕ್ಕೆ ಏರಿತು. 1955ರಲ್ಲಿ ಪ್ರೌಢಶಾಲಾ ಶಿಕ್ಷಕರಿಗಾಗಿ ಆಝಾದ ಕಾಲೇಜು ಸ್ಥಾಪನೆಯಾಯಿತು.

1948ರಲ್ಲಿ ಗಾಂಧೀಜಿಯವರ ಹತ್ಯೆಯಾದಾಗ ಭಾವುರಾವರು ಅವರ ಸ್ಮರಣೆಗೆ 101 ಹೈಸ್ಕೂಲುಗಳನ್ನು ತೆರೆಯುವ ಸಂಕಲ್ಪ ಮಾಡಿದರು. ಆ ಸಂದರ್ಭದಲ್ಲಿ ಅವರಾಡಿದ ನಿರ್ಭೀತ ಮಾತುಗಳಿಂದ ಅಸಮಾಧಾನಗೊಂಡ ಸರಕಾರವು ಸಂಸ್ಥೆಯ ಅನುದಾನವನ್ನು ನಿಲ್ಲಿಸಿತು. ಶಾಲೆಗಳು ಮುಚ್ಚುವ ಹಂತ ಬಂದರೂ ಅವರು ಕ್ಷಮೆ ಯಾಚಿಸಲಿಲ್ಲ. ಜನರೇ ಕೈಹಿಡಿದರು. ಸಂತ ಗಾಡಗೆ ಮಹಾರಾಜರು ಮುಖ್ಯಮಂತ್ರಿಗಳ ಬಳಿ ಸಂಸ್ಥೆಯ ಪರವಾಗಿ ಮಾತನಾಡಿದರು, ಅನುದಾನ ಮರಳಿತು. 1954ರಲ್ಲಿ ಕರಾಡದಲ್ಲಿ ತೆರೆದ ಕಾಲೇಜಿಗೆ ಭಾವುರಾವರು ಆ ಸಂತರ ಹೆಸರನ್ನೇ ಇಟ್ಟರು. ತಮ್ಮ ಹೆಸರನ್ನು ಎಲ್ಲಿಯೂ ಇಡಲಿಲ್ಲ.

ಗೌರವ ಮತ್ತು ನಿರ್ಯಾಣ

ಖಾದಿ ಬಟ್ಟೆ, ಹೆಗಲ ಮೇಲೆ ಕಂಬಳಿ, ಎದೆಯವರೆಗೆ ಇಳಿದ ಬಿಳಿಯ ಗಡ್ಡ, ಕೈಯಲ್ಲೊಂದು ಕೋಲು. ಜನರು ಕಂಡ ಕರ್ಮವೀರರ ರೂಪವಿದು. 1959ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣವನ್ನೂ ಅದೇ ವರ್ಷ ಪುಣೆ ವಿಶ್ವವಿದ್ಯಾಲಯವು ಗೌರವ ಡಿ.ಲಿಟ್. ಪದವಿಯನ್ನೂ ನೀಡಿದವು. ಮೆಟ್ರಿಕ್ ದಾಟದವರ ಮನೆಗೆ ವಿಶ್ವವಿದ್ಯಾಲಯವೇ ನಡೆದು ಬಂದಂತಾಯಿತು. 1959ರ ಮೇ 9ರಂದು ಪುಣೆಯಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು. ಆಗ ಸಂಸ್ಥೆಯ ಲೆಕ್ಕದಲ್ಲಿ 38 ವಸತಿಗೃಹಗಳು, 578 ಪ್ರಾಥಮಿಕ ಶಾಲೆಗಳು, 6 ತರಬೇತಿ ಕಾಲೇಜುಗಳು, 108 ಹೈಸ್ಕೂಲುಗಳು ಮತ್ತು 3 ಕಾಲೇಜುಗಳು ಇದ್ದವು. 1988ರಲ್ಲಿ ಅಂಚೆ ಇಲಾಖೆಯು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ಇಂದು ಸಂಸ್ಥೆಯ ಶಾಖೆಗಳು ಏಳುನೂರನ್ನು ಮೀರಿವೆ. ಪುಣೆ ವಿಶ್ವವಿದ್ಯಾಲಯದಲ್ಲಿ ದುಡಿದು ಕಲಿಯುವ ಯೋಜನೆಯು ಅವರ ಹೆಸರಿನಲ್ಲಿಯೇ ನಡೆಯುತ್ತಿದೆ.

ಸಮಾಜಕ್ಕೆ ಉಳಿದ ಪಾಠ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಶ್ರಾವಕರ ಕರ್ತವ್ಯವೆಂದು ಆಗಮಗಳು ಹೇಳುತ್ತವೆ. ಕರ್ಮವೀರರ ಬೋರ್ಡಿಂಗಿನಲ್ಲಿ ಈ ನಾಲ್ಕೂ ದಾನಗಳಿದ್ದವು. ಉಣಲು ಅನ್ನ, ಕಾಯಿಲೆಗೆ ಆರೈಕೆ, ಓದಲು ಪಾಠ, ಮೇಲಾಗಿ ಯಾರೂ ತನ್ನನ್ನು ಹೊರಹಾಕುವುದಿಲ್ಲವೆಂಬ ಅಭಯ. ಇವನ್ನು ಪಡೆಯುವವನ ಮಾನಕ್ಕೆ ಕುಂದು ಬಾರದಂತೆ ಅವರು ನಡೆಸಿದ ರೀತಿಯೇ ವಿಶೇಷವಾದುದು.

ಇಂದು ಊರೂರಿಗೆ ಶಾಲೆಗಳಿವೆ. ಸರಕಾರದ ಊಟವಿದೆ, ಪುಸ್ತಕವಿದೆ. ಆದರೂ ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳ ಮಕ್ಕಳು, ಇಟ್ಟಂಗಿ ಭಟ್ಟಿಯ ಮಕ್ಕಳು ಹತ್ತನೆಯ ಇಯತ್ತೆಗೆ ಮೊದಲೇ ಶಾಲೆಯಿಂದ ಮರೆಯಾಗುತ್ತಾರೆ. ಅಂಥ ಮಗುವಿಗೆ ಒಂದು ಬಾರಿ ವಹಿ, ದಪ್ತರಗಳನ್ನು ಹಂಚಿ ಫೋಟೋ ತೆಗೆಸಿಕೊಂಡರೆ ಮಗು ಉಳಿಯುವುದಿಲ್ಲ. ಇರಲು ಜಾಗ, ಹೊಟ್ಟೆಗೆ ಊಟ, ವಯಸ್ಸಿಗೆ ತಕ್ಕ ಮಾನವುಳ್ಳ ಕಸುಬು, ಕಸುಬಿನ ಜೊತೆಗೆ ಪಾಠ, ಹೆಸರು ಹಿಡಿದು ಕರೆಯುವ ಶಿಕ್ಷಕ, ಇವೆಲ್ಲವೂ ಕೂಡಿದರೆ ಉಳಿಯುತ್ತದೆ. ಅಂಗಡಿ, ಹೊಲ, ಕಾರ್ಖಾನೆಗಳುಳ್ಳ ಶ್ರಾವಕರು ಓದುವ ಹುಡುಗನಿಗೆ ದಿನಕ್ಕೆರಡು ಗಂಟೆಯ ಕೆಲಸ ಕಲಿಸಿ, ಅದರ ಸಂಬಳವನ್ನು ಅವನ ಓದಿಗೆ ಜಮಾ ಮಾಡಿದರೆ ಅದು ಸಣ್ಣ ಸೇವೆಯಲ್ಲ.

ಜೈನ ಬೋರ್ಡಿಂಗು ಒಂದು ದಿನ ಹೊರಹಾಕಿದ ಹುಡುಗನನ್ನು ಇಂದು ಇಡೀ ಜೈನ ಸಮಾಜವು ತನ್ನವನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಸಮಾಜದ ಪಂಕ್ತಿಯಲ್ಲಿ, ಸಮಾಜದ ಶಾಲೆಯಲ್ಲಿ ಯಾವ ಮಗುವೂ ಹೊರಗೆ ಉಳಿಯದಂತೆ ನಡೆದುಕೊಂಡಾಗ ಮಾತ್ರ ಆ ಹೆಮ್ಮೆಗೆ ಅಧಿಕಾರ ಬರುತ್ತದೆ.

ಜೈ ಜಿನೇಂದ್ರ.